ಅತ್ತಿಯನ್ನು ಕೂಡಿಸಿದ ಜಾಗ

ಫೋನು ಬಂದಾಗ ನಾನು ರಾಮದುರ್ಗದ ನಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಎಲ್ಲಿಯದೋ ನಂಬರು, ಎತ್ತಲಿಲ್ಲ. ಮತ್ತೆ ಬಂತು. ವರಾಂಡಕ್ಕೆ ಬಂದು ಎತ್ತಿದರೆ ಉಗರಗೋಳದ ಮಾವಶಿಯ ದನಿ.

“ಸಾವಕಾಶ ಕೇಳವಾ. ನಿಮ್ಮ ಅತ್ತಿ ಹೋದ್ಲು.”

ನಮ್ಮ ಅತ್ತಿ ಎಂದರೆ ಅಪ್ಪನ ತಂಗಿ. ಮಾವಶಿ ರಕ್ತಸಂಬಂಧಿಯಲ್ಲ, ಅತ್ತಿಯ ಗೆಳತಿ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕುಂಕುಮ, ಭಂಡಾರ, ಬಳೆ ಮಾರುವ ಅಂಗಡಿ ಅವರದು. ಇಬ್ಬರೂ ಸವದತ್ತಿಯಿಂದ ಹೊರಟ ಯಾತ್ರೆಯ ಬಸ್ಸಿನಲ್ಲಿ ಕಾಶಿಗೆ ಹೋಗಿ, ಅಲ್ಲಿಂದ ನೇಪಾಳಕ್ಕೆ ದಾಟಿದ್ದರು. ಪಶುಪತಿನಾಥನ ದರ್ಶನವಾಗಿ, ಇನ್ನು ವಾಪಸ್ಸು ಹೊರಡಬೇಕು ಎನ್ನುವಾಗ ಕಾಠ್ಮಂಡುವಿನ ಲಾಡ್ಜಿನಲ್ಲಿ ಅತ್ತಿಗೆ ಎದೆನೋವು ಬಂದಿದೆ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

ಅತ್ತಿಯನ್ನು ತೊರಗಲ್ಲಿಗೆ ಕೊಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಒಂದು ಟ್ರಂಕು ಹಿಡಿದುಕೊಂಡು ತಿರುಗಿ ಬಂದಳು. ಯಾಕೆ ಬಂದೆ ಎಂದು ಅಪ್ಪ ಒಂದು ಸಲ ಕೇಳಿದ, ಅವಳು ಹೇಳಲಿಲ್ಲ, ಆಮೇಲೆ ಅಪ್ಪ ಕೇಳಲೂ ಇಲ್ಲ. ಸಂಪಗಾಂವದ ನಮ್ಮ ಮನೆಯಲ್ಲಿ ತಿಂಗಳೊಪ್ಪತ್ತು ಇದ್ದು, ಬೈಲಹೊಂಗಲದ ಪೇಟೆಯಲ್ಲಿ ಒಂದು ಕೋಲಿ ಬಾಡಿಗೆಗೆ ಹಿಡಿದು ಹೊಲಿಗೆ ಮಶಿನ್ನು ಹಾಕಿಕೊಂಡು ಕುಂತಳು. ಪೇಟೆಯ ಅರ್ಧ ಹೆಂಗಸರ ಜಂಪರು ಅವಳ ಕೈಯವು. ವರ್ಷಕ್ಕೊಮ್ಮೆ ಮಶಿನ್ನಿನ ಮೇಲೆ ಅರಿವೆ ಹೊದಿಸಿ ಯಾತ್ರೆಗೆ ಹೊರಡುತ್ತಿದ್ದಳು. ಭಕ್ತಿ ಇರಲಿಲ್ಲವೆಂದಲ್ಲ, ಆದರೆ ಪುರಿಗೆ ಹೋಗಿಬಂದವಳು ಮೊದಲು ಹೇಳಿದ್ದು ಅಲ್ಲಿನ ಹೆಂಗಸರ ತೋಳಿನ ಹೊಲಿಗೆಯ ಸುದ್ದಿ. ಜಗನ್ನಾಥ ಆಮೇಲೆ ಬಂದ.

ಅಪ್ಪನಿಗೆ ಮೊಣಕಾಲು ನೋವು. “ನೀ ಹೋಗವಾ, ನಿನಗ ಹಿಂದಿ ಬರತೈತಿ” ಎಂದ. ಅಷ್ಟು ಅವಸರದಲ್ಲಿ ವಿಮಾನದ ಸೀಟು ಒಂದೇ ಸಿಕ್ಕಿತು. ಬೆಳಗಾವಿಯಿಂದ ದಿಲ್ಲಿ, ದಿಲ್ಲಿಯಿಂದ ಕಾಠ್ಮಂಡು. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

ಆಸ್ಪತ್ರೆಯ ಬೆಂಚಿನ ಮೇಲೆ ಮಾವಶಿ ಕುಂತಿದ್ದರು. ಬಸ್ಸು ಮುಂದೆ ಹೋಗಿತ್ತು. ಯಾತ್ರೆಯವರು ಎಷ್ಟು ಹೇಳಿದರೂ ಇವರು ಹತ್ತಲಿಲ್ಲವಂತೆ. ತೊಡೆಯ ಮೇಲೆ ಅತ್ತಿಯ ಚೀಲ, ಬಲಗೈ ಮುಷ್ಟಿಯಲ್ಲಿ ಬಿಳಿ ಅರಿವೆಯ ಒಂದು ಸಣ್ಣ ಗಂಟು. ಅತ್ತಿಯ ಕೊರಳಲ್ಲಿದ್ದ ಇಷ್ಟಲಿಂಗ ಅದು. ಬಳೆ, ಕಿವಿಯೋಲೆಗಳ ಜೊತೆ ನರ್ಸು ಬಿಚ್ಚಿ ಕೊಟ್ಟಿದ್ದಳು.

“ಇದನ್ನ ನೆಲಕ್ಕ ಇಡಬಾರದಂತ ಆಕಿ ಹೇಳ್ತಿದ್ಲು. ನಮ್ಮ ಮನಿತನದಾಗ ಲಿಂಗ ಕಟ್ಟೂದಿಲ್ಲ, ಮತ್ತೇನೇನ ರೀತಿ ಅದಾವೊ ನನಗ ಗೊತ್ತಿಲ್ಲ. ಅದಕ್ಕ ಕೈಯಾಗ ಹಿಡಕೊಂಡ ಕುಂತೇನಿ.”

ನಾನು ಕೈಯೊಡ್ಡಿ ಇಸಿದುಕೊಂಡೆ. ಅರಿವೆ ಬೆಚ್ಚಗಿತ್ತು. ಅಲ್ಲಿಯವರೆಗೆ ಅಳು ಬಂದಿರಲಿಲ್ಲ, ಆಗ ಬಂತು. ಮಾವಶಿ ಬೆನ್ನ ಮೇಲೆ ಕೈಯಿಟ್ಟರು.

ಶೀತಲ ಕೋಣೆಯಲ್ಲಿ ಅತ್ತಿಯ ಮುಖ ತೋರಿಸಿದರು. ನಿದ್ದೆಯಲ್ಲಿ ಬೇಸರಗೊಂಡವಳ ಹಾಗಿತ್ತು, ಅಷ್ಟೇ. ಅಲ್ಲಿನ ನೌಕರನೊಬ್ಬ ಬಹಳ ಮರ್ಯಾದೆಯಿಂದ, ನದಿಯ ಘಾಟಿನಲ್ಲಿ ಎಲ್ಲ ವ್ಯವಸ್ಥೆ ಆಗುತ್ತದೆ, ಸಂಜೆಯೊಳಗೆ ಮುಗಿಯುತ್ತದೆ, ಬೂದಿಯನ್ನು ನೀವು ಒಯ್ಯಬಹುದು ಎಂದ.

“ನಮ್ಮಲ್ಲಿ ಸುಡುವುದಿಲ್ಲ” ಎಂದೆ ಹಿಂದಿಯಲ್ಲಿ.

ಅವನು ಅತ್ತಿಯ ಹೆಸರಿದ್ದ ಚೀಟಿಯನ್ನು ಮತ್ತೊಮ್ಮೆ ನೋಡಿದ. “ನೀವು ಹಿಂದೂಗಳಲ್ಲವೇ?”

“ನಾವು ಲಿಂಗಾಯತರು. ಕುಳ್ಳಿರಿಸಿ ಹೂಳುತ್ತೇವೆ. ಧ್ಯಾನಕ್ಕೆ ಕುಳಿತ ಹಾಗೆ.”

ಅವನಿಗೆ ತಿಳಿಯಲಿಲ್ಲ. ತಪ್ಪು ಅವನದಲ್ಲ. ಊರಿನಲ್ಲಿ ಯಾರಿಗೂ ವಿವರಿಸಬೇಕಾಗದ ಸಂಗತಿಯನ್ನು ಪರಭಾಷೆಯಲ್ಲಿ ಹೇಳುವಾಗ ನನ್ನ ಕಿವಿಗೇ ವಿಚಿತ್ರವಾಗಿ ಕೇಳಿತು.

ನಮ್ಮ ದೇಶದ ರಾಯಭಾರ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ಊರಿಗೆ ಒಯ್ಯುವುದಾದರೆ ದೇಹ ಕೆಡದಂತೆ ಔಷಧಿ ಏರಿಸಬೇಕು, ಪೆಟ್ಟಿಗೆಯಲ್ಲಿ ಮಲಗಿಸಿ ಮೊಹರು ಮಾಡಬೇಕು, ವಿಮಾನ ಬದಲಿಸಬೇಕು. ಪರವಾನಗಿ ಕೊಡಲು ತಮ್ಮಿಂದ ತಡವಾಗುವುದಿಲ್ಲ ಎಂದರು.

“ಊರಿಗೆ ಹೋದ ಮೇಲೆ ಕೂಡಿಸಲಿಕ್ಕೆ ಬರುತ್ತದೆಯೇ?” ಎಂದು ಕೇಳಿದೆ.

“ಔಷಧಿ ಏರಿಸಿದ ಮೇಲೆ ಮೈ ಬಿಗಿಯುತ್ತದೆ. ಬರುತ್ತದೆ ಎಂದು ನಾನು ಹೇಳಲಾರೆ” ಎಂದರು.

ಹೊರಗೆ ಬಂದು ಊರಿಗೆ ಫೋನು ಹಚ್ಚಿದೆ. ಕಾಕಾ ಎತ್ತಿದರು. ಅಪ್ಪನ ತಮ್ಮ, ಸಂಪಗಾಂವದ ಮನೆಯ ವ್ಯವಹಾರವೆಲ್ಲ ಅವರ ಕೈಯಲ್ಲೇ. ತರುವ ವಿಷಯ ಹೇಳಿದೆ.

“ತರ್ರಿ, ತರಬ್ಯಾಡ ಅನ್ನೂದಿಲ್ಲ” ಎಂದರು ಕಾಕಾ. “ಆದ್ರ ಕೊಟ್ಟ ಹೆಣ್ಣಮಗಳು. ನಮ್ಮ ಹೊಲದಾಗ ಇಡಬೇಕಂದ್ರ ಭಾವಕಿಯವರನ್ನ ಒಂದ ಮಾತ ಕೇಳಬೇಕಾಗತೈತಿ. ತೊರಗಲ್ಲಿಗೂ ಹೇಳಿ ಕಳಸೇನಿ. ಅವರ ಹೊಲದಾಗ ಜಾಗಾ ಕೊಡ್ತೇವಂದ್ರ ಅದ ರೀತಿ ಅಲ್ಲೇನು?”

ಭಾವಕಿಯವರೆಂದರೆ ನಮ್ಮದೇ ಮನೆತನದ ಅಣ್ಣತಮ್ಮಂದಿರು. ಕಾಕಾ ಕೆಟ್ಟವರಲ್ಲ. ಎಲ್ಲವೂ ಪದ್ಧತಿಯ ಪ್ರಕಾರ ನಡೆಯಲಿ ಎನ್ನುವ ಮನುಷ್ಯ. ಆದರೆ ಬಿಟ್ಟುಬಂದ ಮೇಲೆ ಅತ್ತಿ ಒಂದು ದಿನವೂ ತಿರುಗಿ ನೋಡದ ತೊರಗಲ್ಲಿಗೇ ಈಗ ಯಾರೋ ಅವಳಿಗಾಗಿ ಜಾಗ ಕೇಳಲು ಹೋಗಿದ್ದಾರೆ. “ಆತರಿ ಕಾಕಾ” ಎಂದು ಇಟ್ಟುಬಿಟ್ಟೆ.

ಮಾವಶಿಗೆ ಎಲ್ಲ ಕೇಳಿಸಿತ್ತು. ರಸ್ತೆಯಾಚೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅವರು ಹೇಳಿದರು. “ಒಂದ ಮಾತ ಹೇಳಲೇನು? ಆಕಿಗೆ ಎದಿ ನೋವ ಬರೂ ಹಿಂದಿನ ದಿನ ಬಸ್ಸಿನ್ಯಾವರು ಇಲ್ಲೇ ಬಾಜೂಕಿನ ಊರಿಗೆ ಕರಕೊಂಡ ಹೋಗಿದ್ರು. ಹಳೇ ಗುಡಿ ನೋಡಾಕ. ಅಲ್ಲೆ ಒಂದ ಮಠ ಐತಿ. ಬಾಗಲದಾಗ ಒಬ್ಬ ಅಜ್ಜಾರು ಕುಂತಿದ್ರು, ಹಣಿತುಂಬ ವಿಭೂತಿ. ನಿಮ್ಮ ಅತ್ತಿ ನೋಡಿದ್ಲು ನೋಡಿದ್ಲು, ಸೀದಾ ಹೋಗಿ ತನ್ನ ಕೊರಳಾಗಿನ ಲಿಂಗ ತಗದ ತೋರಿಸಿದ್ಲು. ಅವರೂ ತೋರಿಸಿದ್ರು.”

“ಲಿಂಗ?”

“ಹೂಂ. ಆಕಿಗೆ ಅವರ ಮಾತ ತಿಳೀಲಿಲ್ಲ, ಅವರಿಗೆ ಆಕೀದು ತಿಳೀಲಿಲ್ಲ. ಆದ್ರ ಅಲ್ಲೇ ಕುಂತಬಿಟ್ಲು. ಎಲ್ಲಾರೂ ಬಸ್ಸ ಹತ್ತಿದ್ರು, ನಾ ಕೈ ಹಿಡದ ಎಬ್ಬಿಸಿಕೊಂಡ ಬಂದೆ.”

ಅಲ್ಲಿಗೆ ಹೋದೆವು. ಇಟ್ಟಿಗೆ ಹಾಸಿದ ಬೀದಿಯಲ್ಲಿ ಹಳೆಯ ಕೆಂಪು ಇಟ್ಟಿಗೆಯ ಮನೆ, ಕೆತ್ತಿದ ಕಟ್ಟಿಗೆಯ ಕಿಟಕಿ. ಅಜ್ಜ ಬಿಸಿಲು ಕಾಯುತ್ತ ಕುಂತಿದ್ದರು. ಮಾವಶಿಯನ್ನು ನೋಡುತ್ತಲೇ ಗುರುತು ಹಿಡಿದು, ಇನ್ನೊಬ್ಬಳೆಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದರು. ನಾನು ಹಿಂದಿಯಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು.

ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದ ಜಂಗಮರಂತೆ. ಕನ್ನಡದ ಒಂದು ಶಬ್ದವೂ ಉಳಿದಿಲ್ಲ, ಊಟ ಉಡುಗೆ ಎಲ್ಲ ಅಲ್ಲಿಯದೇ. ನಾನು ಕೇಳಬೇಕಾದದ್ದನ್ನು ಕೇಳಿದೆ. “ನಿಮ್ಮಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡುತ್ತೀರಿ?”

ಅವರು ಇದ್ದಲ್ಲೇ ಬೆನ್ನು ನೇರ ಮಾಡಿ, ಪದ್ಮಾಸನ ಹಾಕಿ, ಎಡಗೈಯನ್ನು ಎದೆಯ ಮುಂದೆ ತಂದು, ಅಂಗೈಯಲ್ಲಿ ಲಿಂಗ ಹಿಡಿದಂತೆ ತೋರಿಸಿದರು.

ಮಾವಶಿ ನನ್ನ ಮುಖ ನೋಡಿದರು.

ಮಠಕ್ಕೆ ಊರ ಹೊರಗೆ ಸ್ವಲ್ಪ ಭೂಮಿ ಇದೆ, ತಮ್ಮ ಮಂದಿಯನ್ನೆಲ್ಲ ಅಲ್ಲೇ ಇಟ್ಟಿದ್ದಾರೆ, ನಮ್ಮ ಹುಡುಗಿಗೆ ಜಾಗ ಇಲ್ಲವೆನ್ನಲು ನಾವು ಯಾರು ಎಂದರು ಅಜ್ಜ. ಅರವತ್ತು ದಾಟಿದ ಅತ್ತಿಯನ್ನು ಅವರು ಹುಡುಗಿ ಎಂದಿದ್ದರು.

ಅಲ್ಲಿಂದಲೇ ಅಪ್ಪನಿಗೆ ಫೋನು ಹಚ್ಚಿದೆ. ಕಾಕಾ ಹೇಳಿದ್ದು, ಅಧಿಕಾರಿ ಹೇಳಿದ್ದು, ಅಜ್ಜ ಹೇಳಿದ್ದು, ಮೂರನ್ನೂ ಒಂದರ ಹಿಂದೆ ಒಂದು ಹೇಳಿದೆ. ನನ್ನ ಅಭಿಪ್ರಾಯ ಸೇರಿಸಲಿಲ್ಲ. ಆ ಕಡೆ ಎಮ್ಮೆಯೊಂದು ಕೂಗುವುದು ಕೇಳುತ್ತಿತ್ತು, ಅಪ್ಪ ಹಿತ್ತಲಿಗೆ ಬಂದು ನಿಂತಿದ್ದನೇನೋ.

“ಖರೇನ ಕೂಡಸತಾರ?” ಎಂದ.

“ಕೂಡಸತಾರಪ್ಪ.”

“ಅಲ್ಲೆ ಯಾರನ್ನೂ ಕೇಳಬೇಕಾಗಿಲ್ಲ ಹೌದಲ್ಲ?”

“ಸರಕಾರದ ಪರವಾನಗಿ ಅಷ್ಟ. ಅದು ಸಿಗತೈತಿ.”

“ಆಕಿ ಮಾರಿ ಒಮ್ಮೆ ನೋಡಬೇಕಂತಿದ್ದೆ” ಎಂದ ಅಪ್ಪ. “ಪೆಟಿಗ್ಯಾಗ ಬಂದದ್ದನ್ನ ನೋಡಿ ಏನ ಮಾಡ್ಲಿ. ಇಲ್ಲೆ ತಂದು, ಇವರ ಹೊಲ ಅವರ ಹೊಲ ಅಂತ ಮಂದಿ ಆಕೀನ್ನ ನಡುವ ಇಟಗೊಂಡ ಮಾತಾಡೂದು ಬ್ಯಾಡ. ಅಲ್ಲೇ ಕೂಡಸು. ನಿಮ್ಮ ಕಾಕಾಗ ನಾ ಹೇಳತೇನಿ.”

ಪರವಾನಗಿ ಬಂದ ದಿನ ಬಿಸಿಲು ಚೆನ್ನಾಗಿತ್ತು. ಮಠದ ಮನೆಗಳಿಂದ ಇಬ್ಬರು ಹೆಂಗಸರು ಬಿಸಿನೀರು ಕಾಯಿಸಿಟ್ಟಿದ್ದರು. ಶೀತಲ ಕೋಣೆಯಿಂದ ಬಂದ ಮೈ ಬಾಗುವುದೋ ಇಲ್ಲವೋ ಎಂದು ನನಗೆ ಅಂಜಿಕೆ. ಅವರು ಅವಸರ ಮಾಡಲಿಲ್ಲ. ಬಿಸಿನೀರಿನ ಅರಿವೆಯನ್ನು ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ ಇಟ್ಟು ಇಟ್ಟು, ಕೂಸಿಗೆ ಎರೆಯುವವರ ಹಾಗೆ ನೀವಿದರು. ನಾನೂ ಮಾವಶಿಯೂ ಕೈಜೋಡಿಸಿದೆವು. ಕಾಲು ಮೆಲ್ಲಗೆ ಮಡಚಿಕೊಂಡವು. ಚೀಲದಲ್ಲಿ ಅತ್ತಿ ಮಡಿಸಿಟ್ಟಿದ್ದ ಇಳಕಲ್ ಸೀರೆ ಇತ್ತು. ಅದನ್ನು ಉಡಿಸಿದೆವು. ಅಲ್ಲಿನ ಹೆಂಗಸೊಬ್ಬಳು ಜಂಪರಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು. “ಅವಳೇ ಹೊಲಿದದ್ದು” ಎಂದೆ. ಆಕೆ ತಲೆಯಾಡಿಸಿದಳು.

ತೋಡಿದ ಕುಣಿಯ ಗೋಡೆಯಲ್ಲಿ, ಕೂಡಿಸಲು, ನಮ್ಮ ಕಡೆಯಂತೆಯೇ ಗೂಡು ಕೊರೆದಿದ್ದರು. ಕೂಡಿಸಿದ ಮೇಲೆ ಅಜ್ಜ ನನ್ನನ್ನು ಕರೆದರು. ಗಂಟು ಬಿಚ್ಚಿ ಲಿಂಗವನ್ನು ಅತ್ತಿಯ ಎಡ ಅಂಗೈಯಲ್ಲಿಟ್ಟೆ. ಬೆರಳು ತಣ್ಣಗಿದ್ದವು, ಆದರೆ ಹಿಡಿದುಕೊಂಡವು. ಹಣೆಗೆ ವಿಭೂತಿ, ಸುತ್ತಲೂ ಬಿಲ್ವಪತ್ರಿ. ಅಜ್ಜನ ಮಂತ್ರದ ಉಚ್ಚಾರ ನನಗೆ ಹೊಸದು. ನಡುನಡುವೆ ‘ಶಿವಾಯ’ ಎಂದು ಬಂದಾಗ ಮಾತ್ರ ಕಿವಿ ಹಿಡಿಯುತ್ತಿತ್ತು. ಮಾವಶಿ ಫೋನು ಎತ್ತಿ ಹಿಡಿದಿದ್ದರು. ಅದರಲ್ಲಿ ಅಪ್ಪ ಟೊಪ್ಪಿಗೆ ತೆಗೆದು ನಿಂತಿದ್ದ. ಮಣ್ಣು ಹಾಕುವಾಗ ಅವನೂ ಬಗ್ಗಿ ನಮ್ಮ ಹಿತ್ತಲಿನ ಒಂದು ಹಿಡಿ ಮಣ್ಣು ತೆಗೆದುಕೊಂಡ. ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಊರಲ್ಲಿ ಮಾತಾಡಿದವರು ಮಾತಾಡಿದರು. ಕಾಕಾ ಕೆಲವು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತೊರಗಲ್ಲಿನಿಂದ ಯಾವ ಉತ್ತರವೂ ಬಂದಿರಲಿಲ್ಲ. ಆ ಬಗ್ಗೆ ಕಾಕಾ ಆಮೇಲೆ ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ಅಪ್ಪನೇ ಹೋಗೋಣ ಎಂದ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ರೈಲಿನಲ್ಲಿ ಬಸ್ಸಿನಲ್ಲಿ ಅಷ್ಟು ದೂರ ಬಂದ. ಮಾವಶಿಯೂ ಅಂಗಡಿಯನ್ನು ಸೊಸೆಗೆ ಒಪ್ಪಿಸಿ ಜೊತೆಯಾದರು. ಅತ್ತಿಯ ಜಾಗದ ಮೇಲೆ ಹುಲ್ಲು ಬೆಳೆದಿತ್ತು. ಅಪ್ಪ ಪೂಜೆ ಮಾಡಿ ಕುಂತ. ಮಠದ ಅಜ್ಜನೂ ಪಕ್ಕದಲ್ಲಿ ಕುಂತರು. ಅಪ್ಪ ಸಂಪಗಾಂವದ ಕನ್ನಡದಲ್ಲಿ ತಂಗಿಯ ಸುದ್ದಿ ಹೇಳಿದ. ಸಣ್ಣವಳಿದ್ದಾಗ ಬಾವಿಯ ದಂಡೆಯಲ್ಲಿ ಕುಂತು ಗೊಂಬೆಗೆ ಅರಿವೆ ಹೊಲಿಯುತ್ತಿದ್ದುದು, ಎತ್ತಿನ ಬಂಡಿಯ ಹಿಂದೆ ಕುಂತು ರಸ್ತೆ ನೋಡುತ್ತಿದ್ದುದು. ಅಜ್ಜ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಾನು ನಡುವೆ ಹೋಗಿ ಹಿಂದಿಯಲ್ಲಿ ತಿಳಿಸಲೇ ಎಂದುಕೊಂಡೆ. ಮಾವಶಿ ನನ್ನ ಸೆರಗು ಜಗ್ಗಿ ಕೂಡಿಸಿದರು.

ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಹುಲ್ಲು ಕೀಳತೊಡಗಿದ. ಅತ್ತಿಯ ಜಾಗದ್ದು ಮುಗಿದ ಮೇಲೆ ಬಾಜೂಕಿನವರದು, ಅದರಾಚೆಯವರದು. ಹೊತ್ತು ಇಳಿಯುವವರೆಗೂ ಕಿತ್ತ.

ಊರಿಗೆ ಬಂದ ಮರುದಿನ ಕಾಕಾ ಕಟ್ಟೆಗೆ ಬಂದು ಕುಂತರು. ಅಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದರು. ಭತ್ತ, ಸಾಸಿವೆ, ಗಜ್ಜರಿ ಎಂದ ಅಪ್ಪ. ಮಣ್ಣು ಕರಿ ಐತೇನು ಎಂದರು. ಇಲ್ಲ, ಕೆಂಚಗೆ ಐತಿ, ಆದರೆ ಹಸಿ ಹಿಡಿಯುತ್ತದೆ ಎಂದ. ಕಾಕಾ ಎಲೆಗೆ ಸುಣ್ಣ ಹಚ್ಚಿ ಮಡಚಿ, ಕಡೆಗೆ ಕೇಳಿದರು.

“ಆಕಿ ಇರೂ ಜಾಗಾಕ ಹೋಗಾಕ ನಡಿಯೂದ ಭಾಳ ಆಗತೈತೇನು?”

“ಇಲ್ಲ” ಎಂದ ಅಪ್ಪ. “ಬಸ್ಸು ಬಾಜೂಕ ನಿಂದರತೈತಿ.”