ಬಾಗಿಲ ಹಿಂದಿನ ಬಿಲ್ಲೆ

ಭದ್ರಾವತಿ ಓಲ್ಡ್ ಟೌನಿನ ಪುಟ್ಟಪ್ಪ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿ ಗೇಟಿನ ಹಲಗೆಗೆ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೂಗುಹಾಕಿದರೆ ಆಳು ಕೆಲಸದಲ್ಲಿದ್ದಾನೆಂದು ಅರ್ಥ, ತೆಗೆದರೆ ಮನೆಗೆ ಹೋದನೆಂದು. ಗದ್ದೆಗೆ ಹೋಗಿರುತ್ತಿದ್ದ ಗೆಳೆಯ ಮೂರ್ತಪ್ಪನ ಬಿಲ್ಲೆಯನ್ನೂ ಇವನೇ ಎಷ್ಟೋ ಸಲ ತೂಗುಹಾಕಿದ್ದ. ಕಳ್ಳದಾರಿ ತುಳಿದವನಿಗೆ ಕಂಡವರ ಹೆಜ್ಜೆಯ ಮೇಲೆಲ್ಲ ಅನುಮಾನ.

ಮಗಳು ಮೈತ್ರಿಯದು ವಿಮೆ ಕಂಪನಿಯೊಂದಕ್ಕೆ ಬರುವ ಆಸ್ಪತ್ರೆ ಕಾಗದಗಳನ್ನು ಪರಿಶೀಲಿಸುವ ಕೆಲಸ. ಎರಡು ವರ್ಷದಿಂದ ಮನೆಯ ಕೋಣೆಯಲ್ಲೇ ಕೂತು ಮಾಡುತ್ತಿದ್ದಳು. ಪುಟ್ಟಪ್ಪ ಜಗಲಿಯಲ್ಲಿ ಕಿವಿಗೊಟ್ಟು ಕೂರುತ್ತಿದ್ದ. ಸೈರನ್ನಿಲ್ಲ, ಬೈಯುವ ಮೇಸ್ತ್ರಿಯಿಲ್ಲ. ಹನ್ನೊಂದಕ್ಕೆ ಎದ್ದು ಬಂದು ತಾಯಿ ಮಾಸ್ತಮ್ಮನ ಜೊತೆ ಹುರುಳಿಕಾಯಿ ಮುರಿಯುತ್ತಾಳೆ. ಕೇಳಿದರೆ, ಇವತ್ತಿನದು ಇಷ್ಟು ಅಂತ ನಾನೇ ಇಟ್ಟುಕೊಂಡಿದ್ದೇನೆ ಅನ್ನುತ್ತಾಳೆ. ತನಗೆ ತಾನೇ ಮೇಸ್ತ್ರಿಯಾದವರನ್ನು ಪುಟ್ಟಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಒಂದು ಬುಧವಾರ ಯಾರಿಗೂ ಹೇಳದೆ ಬಸ್ಸು ಹತ್ತಿ, ಶಿವಮೊಗ್ಗದ ಕೋಟೆ ಹತ್ತಿರ ಅವಳು ಮೊದಲು ಹೋಗುತ್ತಿದ್ದ ಆಫೀಸು ಹುಡುಕಿದ. ಅಲ್ಲಿ ಪಾತ್ರೆ ಅಂಗಡಿಯಿತ್ತು. ಕೆಲಸ ಹೋಗಿದ್ದನ್ನು ಮುಚ್ಚಿಟ್ಟು ನಾಟಕ ಆಡುತ್ತಿದ್ದಾಳೋ? ಬರುವಾಗ ಮಾಚೇನಹಳ್ಳಿಯಲ್ಲಿ ಇಳಿದು, ವರ್ಕ್‌ಶಾಪು ನಡೆಸುವ ಹಾಲೇಶನಿಗೆ, ಸೋಮವಾರದಿಂದ ಮಗಳನ್ನು ನಿನ್ನ ಆಫೀಸಿಗೆ ಕಳಿಸುತ್ತೇನೆಂದು ಮಾತು ಕೊಟ್ಟುಬಿಟ್ಟ.

ಅವಳ ಅಂಕಪಟ್ಟಿಗೆಂದು ಟ್ರಂಕು ತೆಗೆದರೆ, ತಾನು ಜೋಪಾನ ಮಾಡಿದ್ದ ಬಿಲ್ಲೆಯೇ ಇಲ್ಲ. ಹುಡುಕುತ್ತ ಹೋದರೆ ಮಗಳ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಯಲ್ಲಿ ಅದೇ ಬಿಲ್ಲೆ. ಪುಟ್ಟಪ್ಪ ಮರುದಿನ ಗಡಿಯಾರ ಹಿಡಿದು, ಬಾಗಿಲ ಸಂದಿಗೆ ಕಣ್ಣಿಟ್ಟು ಕಾದ.

ಒಂಬತ್ತಕ್ಕೆ ಬಿಲ್ಲೆ ಮೊಳೆಗೇರಿತು. ಹುರುಳಿಕಾಯಿಗೆ ಏಳುವಾಗ ಅವಳು ಅದನ್ನು ತೆಗೆದು ಮೇಜಿನ ಮೇಲಿಟ್ಟಳು, ಬಂದು ಮತ್ತೆ ಹಾಕಿದಳು. ಸಂಜೆ, ಹುರುಳಿಕಾಯಿಗೆ ಹೋದ ಇಪ್ಪತ್ತು ನಿಮಿಷ ಹೆಚ್ಚಿಗೆ ಕೂತೇ ಎದ್ದಳು.

ಇನ್ನು ತಡೆಯಲಾಗಲಿಲ್ಲ. ಕೋಟೆಗೆ ಹೋಗಿದ್ದನ್ನೂ ಹಾಲೇಶನಿಗೆ ಕೊಟ್ಟ ಮಾತನ್ನೂ ಹೇಳಿ, ಯಾರು ನೋಡಲಿ ಅಂತ ಈ ಬಿಲ್ಲೆ ಎಂದು ಕೇಳಿದ.

ಮೈತ್ರಿಯ ಮುಖ ಸಪ್ಪಗಾಯಿತು. ಕಂಪನಿಯವರು ಆಫೀಸು ಬಿಟ್ಟುಕೊಟ್ಟು ಎಲ್ಲರಿಗೂ ಮನೆಯಿಂದಲೇ ಮಾಡಿ ಅಂದದ್ದನ್ನು ಅವತ್ತೇ ಹೇಳಿದ್ದೆನಲ್ಲ ಅಂದಳು. ಆಮೇಲೆ ಮೆಲ್ಲಗೆ, "ಯಾರೂ ನೋಡಲ್ಲ ಅಪ್ಪ, ಅದಕ್ಕೇ ಹಾಕೋದು. ಆಫೀಸಲ್ಲಿ ಸಾಹೇಬ್ರು ಬಂದ್ರೆ ಕೆಲಸ ಮಾಡ್ತಿದ್ದೆ, ಹೋದ್ರೆ ಹರಟೆ. ಈಗ ನನ್ನ ನಾನೇ ಕೇಳ್ಕೋಬೇಕು. ಸಂಜೆ ಇದನ್ನ ತೆಗೆಯುವಾಗ ಎಷ್ಟು ಸಮಾಧಾನ ಆಗುತ್ತೆ ಗೊತ್ತಾ? ಹಾಲೇಶಣ್ಣನ ಹತ್ರ ನಾನು ಹೋಗಲ್ಲ."

ಒಲೆಯ ಮುಂದಿನಿಂದ ಮಾಸ್ತಮ್ಮ ಅಂದಳು, "ಮೂರ್ತಪ್ಪನ ಬಿಲ್ಲೆ ಹಾಕ್ತಿದ್ದೋರಲ್ವಾ, ಮಗಳ ಮೇಲೂ ಅನುಮಾನ ಬಿಟ್ಟು ಇನ್ನೇನು ಬಂದೀತು."

ಶುಕ್ರವಾರ ಹತ್ತು ಗಂಟೆಗೆ ಹಾಲೇಶ ಫೋನು ಮಾಡಿ, ಹುಡುಗಿಯ ಕೈಗೆ ಒಂದು ಗಳಿಗೆ ಫೋನು ಕೊಡು ಅಂದ. ಪುಟ್ಟಪ್ಪ ಎದ್ದು ಹೋಗಿ ಬಾಗಿಲ ಹಿಂದೆ ಇಣುಕಿದ. ಬಿಲ್ಲೆ ಮೊಳೆಯಲ್ಲಿತ್ತು.

"ಆಗಲ್ಲ ಮಾರಾಯ," ಅಂದ. "ಅವಳು ಡ್ಯೂಟಿಲಿದ್ದಾಳೆ. ಸೋಮವಾರಾನೂ ಇರ್ತಾಳೆ."