ಹಣ್ಣಾದ ಹುಳು

ನಮ್ಮ ಮನೆ ಗೋಡೆಯ ಆಚೆಗೇ ಪಕ್ಕದ ಮನೆಯವರ ರೇಷ್ಮೆ ಹುಳು ಸಾಕುವ ಕೋಣೆ. ಹುಳುಗಳು ಬೆಳೆದ ಮೇಲೆ ಸೊಪ್ಪು ಮೇಯುವ ಸದ್ದು, ಹಂಚಿನ ಮೇಲೆ ತುಂತುರು ಬಿದ್ದಂತೆ, ಹಗಲಿಡೀ ಕೇಳುತ್ತದೆ. ನಿಮ್ಮ ತಾತ ಹೋದ ಮೇಲೆ ನನಗೆ ಅದೇ ಜೊತೆ. ಆದರೆ ಆ ಬಾಗಿಲ ಹತ್ತಿರ ನಾನು ಸುಳಿಯುವಂತಿರಲಿಲ್ಲ. ಒಮ್ಮೆ ರೋಗ ಬಂದು ಹುಳುವೆಲ್ಲ ಕಪ್ಪಾಗಿ ಕೊಳೆತಾಗ ಆ ಮನೆಯಾಕೆ ಬೀದಿಯಲ್ಲೇ ಕೂಗಿದ್ದಳು.

"ಈ ಮುಂಡೆ ನೆರಳು ಬಿತ್ತಲ್ಲ, ಇನ್ನೆಲ್ಲಿ ಉಳೀತವೆ ಹುಳ!"

ಯೇಸುವನ್ನು ನಂಬಿದವಳು ನಾಲಿಗೆ ಹಿಡಿದರೆ ಸಾಲದು, ಆ ಹೊತ್ತಿಗೆ ಕೈಗೊಂದು ಒಳ್ಳೆಯ ಕೆಲಸ ಕೊಡಬೇಕು ಎನ್ನುತ್ತಿದ್ದಳು ನನ್ನ ಅಮ್ಮ. ನುಗ್ಗೆಸೊಪ್ಪು ಕೊಯ್ದಾಗಲೆಲ್ಲ ಒಂದು ಹಿಡಿ ಹಿತ್ತಲ ಗೋಡೆಯ ಮೇಲಿಡುತ್ತಿದ್ದೆ. ಪಕ್ಕದ ಮನೆಯಾಕೆ ತೆಗೆದುಕೊಳ್ಳುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಆ ತುಂತುರಿನ ಸದ್ದು ಒಮ್ಮೆಗೇ ನಿಂತುಹೋಯಿತು. ಮನೆ ಕಿವುಡಾದಂತಾಯಿತು. ಹುಳು ಹಣ್ಣಾಗಿದೆ ಎಂದು ತಿಳಿಯಿತು. ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದದ್ದು, ಮೇಯುವುದಿಲ್ಲ. ಅದನ್ನು ಆಗಲೇ ಆರಿಸಿ ಚಂದ್ರಿಕೆ ಎಂಬ ಬಿದಿರ ತಟ್ಟೆಗೆ ಬಿಡದಿದ್ದರೆ ಕಸದ ಮೇಲೆಯೇ ನೂಲು ಸುರಿದು, ಬೆಳೆಯೆಲ್ಲ ಹಾಳು. ಆದರೆ ಆಚೆ ಯಾರೂ ಓಡಾಡುತ್ತಿರಲಿಲ್ಲ.

"ಅಕ್ಕಾ... ಗಂಡ ವಿಜಯಪುರಕ್ಕೆ ಹೋಗವ್ನೆ. ಫೋನು ಎತ್ತುತಿಲ್ಲ. ಮೇಲಕ್ಕೇಳಕ್ಕಾಗ್ತಿಲ್ಲ ನಂಗೆ."

ಗೋಡೆಯಾಚೆಯಿಂದ ಅವಳದೇ, ಜ್ವರದಲ್ಲಿ ನಡುಗುವ ದನಿ. 'ಈಗ ನನ್ನ ನೆರಳು ಬೀಳಬಹುದಾ?' ಎಂಬ ಮಾತು ಹಲ್ಲಿನ ತನಕ ಬಂದಿತ್ತು. ನುಂಗಿದೆ. ಕೈಕಾಲು ತೊಳೆದುಕೊಂಡು ಆ ಬಾಗಿಲು ತಳ್ಳಿದೆ.

ಕಿಟಕಿಗೆಲ್ಲ ಗೋಣಿ ಕಟ್ಟಿದ್ದ ಮಬ್ಬು. ಸಾವಿರಾರು ಹುಳುಗಳು, ಒಳಗೆ ದೀಪವಿಟ್ಟ ಹಾಗೆ ಹಳದಿ ಹೊಳಪು. ಎಲ್ಲವೂ ತಲೆಯೆತ್ತಿ, ಸದ್ದಿಲ್ಲದೆ, ಅತ್ತ ಇತ್ತ ತೂಗುತ್ತಿದ್ದವು. ಯಾರನ್ನೋ ಹುಡುಕುವಂತೆ. ನಾನು ಹತ್ತಿರ ಹೋದಂತೆ ಎಲ್ಲ ನನ್ನ ಕಡೆಗೇ ತಿರುಗಿದಂತಾಯಿತು. ಆದರೂ ಒಂದೊಂದನ್ನೇ ಎತ್ತತೊಡಗಿದೆ. ಬೆರಳಿಗೆ ಎಳೆ ಸುತ್ತಿಕೊಳ್ಳುತ್ತಿತ್ತು.

ಚಾಪೆಯ ಮೇಲಿಂದ ಅವಳು ನನ್ನನ್ನಲ್ಲ, ನನ್ನ ಹೆಗಲ ಆಚೆ ನೋಡುತ್ತಿದ್ದಳು.

"ಹಿಂದೆ ನಿಂತಿರೋರು ಯಾರಕ್ಕ?"

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಓಡಿಬಿಡುತ್ತಿದ್ದೆ.

"ಯಾರಾದ್ರೂ ಇರ್ಲಿ ಬಿಡೇ. ಸುಮ್ನೆ ನಿಂತವ್ರಲ್ಲ, ಒಂದು ಚಂದ್ರಿಕೆ ಹಿಡ್ಕೊಳ್ಳಕ್ ಹೇಳು."

ಅವಳು ಜ್ವರದಲ್ಲೇ ಕಿಸಕ್ಕೆಂದಳು. ಕತ್ತಲಾಗುವ ಮೊದಲು ಹುಳು ಮೇಯುತ್ತಿದ್ದ ಕೊನೆಯ ತಟ್ಟೆಯೂ ಖಾಲಿಯಾಯಿತು.

ಅವಳು ಚೇತರಿಸಿಕೊಂಡ ದಿನ ಹಿತ್ತಲಲ್ಲಿ ನಿಂತು ನೋಡಿದೆ. ನಾನು ಕಾಲಿಟ್ಟಿದ್ದ ಹೊಸ್ತಿಲಿಗೆ ಅರಿಸಿನದ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಕಂಡು ಕೈ ಅಲ್ಲೇ ನಿಂತಿತು.

"ಗೂಡು ಹೆಂಗಾಯ್ತೇ?" ಎಂದೆ.

"ಚೆನ್ನಾಗ್ ಕಟ್ಟವೆ," ಎಂದಳು, ತಲೆ ತಗ್ಗಿಸಿ.

"ಒಳ್ಳೇದಾಯ್ತು."

ಮಕ್ಕಳೇ, ಅಷ್ಟೂ ಹುಳು ಎತ್ತಿದ್ದಕ್ಕಿಂತ ಆ ಒಂದು ಮಾತು ಆಡುವುದೇ ನನಗೆ ಕಷ್ಟವಾಗಿತ್ತು.