ಅಣ್ಣನ ಜೋಡಿ

ಗರಡಿಯ ಮಣ್ಣನ್ನು ಯಾರಾದರೂ ಕಣ್ಣಿಗೊತ್ತಿಕೊಳ್ಳುವುದನ್ನು ಕಂಡರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ.

ನಮ್ಮಪ್ಪ ಲಷ್ಕರ್ ಮೊಹಲ್ಲಾದ ಗರಡಿಯೊಂದರ ಉಸ್ತಾದ್. ಹೆಂಗಸರು ಅದರ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಆ ಮಣ್ಣಿಗೆ ಬೆರೆಸುವ ಅರಿಶಿನ ಕುಟ್ಟಲು, ಬೇವಿನ ಸೊಪ್ಪು ಒಣಗಿಸಲು ಅವ್ವನೂ ನಾನೂ ಬೇಕಾಗಿತ್ತು, ನೋಡಿ! ಅಣ್ಣನಿಗೆ ದಿನಾ ಬೆಳಿಗ್ಗೆ ಬಾದಾಮಿ ತೇಯ್ದು ಹಾಲಿಗೆ ಹಾಕಿ ಕೊಡುವುದು ನನ್ನ ಕೆಲಸ. ಕಡೆಯ ಗುಟುಕು ಅವನು ನನಗೆಂದೇ ಉಳಿಸುತ್ತಿದ್ದ.

ಆ ವರ್ಷ ದಸರಾ ಕುಸ್ತಿಗೆ ಅಣ್ಣನಿಗೆ ಮೊದಲ ಸಲ ಜೋಡಿ ಕಟ್ಟಿದ್ದರು. ಎದುರಾಳಿ ಬೆಳಗಾವಿ ಕಡೆಯ ಪೈಲ್ವಾನ. ಮಹಾರಾಜರ ಮುಂದೆ ಮಗ ಕುಸ್ತಿ ಹಿಡಿಯುತ್ತಾನೆಂದು ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಬ್ಬ ಹತ್ತಿರವಾದಾಗ ಜಟಕಾಗಳು ನಿಲ್ಲುವ ಜಾಗದಲ್ಲಿ ಲಾಳದ ಮೊಳೆಯೊಂದು ಅಣ್ಣನ ಅಂಗಾಲಿಗೆ ನೆಟ್ಟಿತು. ಅಪ್ಪ ಅದನ್ನು ಕಿತ್ತೆಸೆದು, ಗರಡಿಯಿಂದ ಹಿಡಿ ಮಣ್ಣು ತಂದು ಗಾಯಕ್ಕೆ ಮೆತ್ತಿದರು.

“ಡಾಕ್ಟ್ರ ಅತ್ರ ಕರ್ಕೊಂಡೋಗ್ರೀ,” ಎಂದು ಅವ್ವ ಗೋಗರೆದಳು.

“ಸುಮ್ಕಿರು. ನನ್ ಗಾಯಕ್ಕೆಲ್ಲ ಇದೇ ಮದ್ದು. ಯಾವತ್ತಾದ್ರೂ ಕೈ ಬಿಟ್ಟೈತಾ?”

ಒಂದು ವಾರ ಕಳೆದಿರಬಹುದು. ಬೆಳಿಗ್ಗೆ ಲೋಟ ಹಿಡಿದು ಹೋದರೆ ಅಣ್ಣ ಬಾಯಿ ತೆಗೆಯಲೇ ಇಲ್ಲ. ನನ್ನನ್ನು ಆಟ ಆಡಿಸುತ್ತಿದ್ದಾನೆಂದುಕೊಂಡು “ತೆಗಿಯೋ, ಆರೋಗುತ್ತೆ” ಎಂದು ಗದರಿದೆ. ಅವನ ದವಡೆ ಕಚ್ಚಿಕೊಂಡುಬಿಟ್ಟಿತ್ತು. ಧನುರ್ವಾಯು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು, ಅಣ್ಣ ಉಳಿಯಲಿಲ್ಲ. ಅಂದಿನಿಂದ ಅವ್ವ ಅಪ್ಪನಿಗೆ ಊಟಕ್ಕೆ ಬಡಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ.

ಜೋಡಿ ಕಟ್ಟಿದ ಮೇಲೆ ಶಿಷ್ಯ ಬರಲಾಗದಿದ್ದರೆ ಉಸ್ತಾದನೇ ಅಖಾಡಕ್ಕೆ ಹೋಗಿ ಹೇಳಬೇಕು. ಇಲ್ಲದಿದ್ದರೆ ಹುಡುಗ ಹೆದರಿ ತಪ್ಪಿಸಿಕೊಂಡ ಎಂದೇ ಲೆಕ್ಕ. ಒಬ್ಬರೇ ಹೋಗುವ ಧೈರ್ಯ ಸಾಲಲಿಲ್ಲವೋ ಏನೋ, ಅಪ್ಪ ನನ್ನ ಕೈ ಹಿಡಿದುಕೊಂಡು ಹೊರಟರು. ನಾನಾಗ ಇನ್ನೂ ಲಂಗದ ಹುಡುಗಿ.

ಅಖಾಡದ ಸುತ್ತ ಎಳ್ಳು ಹಾಕಲು ಜಾಗವಿಲ್ಲದಷ್ಟು ಜನ. ಅಣ್ಣನ ಹೆಸರು ಕೂಗಿದರು. ಬೆಳಗಾವಿಯ ಪೈಲ್ವಾನ ಕೆಮ್ಮಣ್ಣಿನ ನಡುವೆ ಒಬ್ಬನೇ ನಿಂತಿದ್ದ. ಅಪ್ಪ ಅಂಚಿಗೆ ಬಂದರು, ಬಾಯಿ ತೆರೆದರು, ಮಾತು ಹೊರಡಲಿಲ್ಲ.

“ಎದ್ರಿ ಓಡೋದ್ನೇನೋ!” ಎಂದು ಹಿಂದಿನಿಂದ ಯಾರೋ ಒಬ್ಬ ನಕ್ಕ.

ನನಗೆಲ್ಲಿತ್ತೋ ಸಿಟ್ಟು! “ನಮ್ಮಣ್ಣ ಎದ್ರೋನಲ್ಲ! ಸತ್ತೋದ!” ಎಂದು ಕಿರುಚಿದೆ.

ತಮಟೆ ನಿಂತಿತು. ಪೈಲ್ವಾನ ಬಗ್ಗಿ ಬೊಗಸೆ ತುಂಬ ಮಣ್ಣು ತೆಗೆದುಕೊಂಡು ಅಪ್ಪನ ಹತ್ತಿರ ಬಂದ. ಎದುರಿನವರಿಗೆ ಮಣ್ಣು ಕೊಡುವುದು ಅಲ್ಲಿಯ ಮರ್ಯಾದೆ, ಬೇಡವೆಂದರೆ ಅವಮಾನ. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

“ಬ್ಯಾಡ ಕಣಪ್ಪಾ. ಈ ಕೈಲೇ ಮಣ್ ಅಚ್ಚಿದ್ದು.”

ಅವನಿಗೆ ಏನು ಅರ್ಥವಾಗಬೇಕು, ಪಾಪ. ನಾಚಿಕೊಳ್ಳುತ್ತಿದ್ದಾರೆಂದು ತಿಳಿದು ತಾನೇ ಒಂದು ಚಿಟಿಕೆ ಮಣ್ಣನ್ನು ಅಪ್ಪನ ಹಣೆಗಿಟ್ಟು ಕಾಲಿಗೆ ಬಿದ್ದ. ಅಪ್ಪ ಅದನ್ನು ಒರೆಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ತಲೆ ಎತ್ತಲೂ ಇಲ್ಲ.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಪ್ಪನ ಹಣೆಯ ಮೇಲಿನ ಕೆಂಪನ್ನು ಕಂಡು ಅವಳ ಮುಖ ಬಿಗಿಯಿತು. ಈಗ ಬೈಯುತ್ತಾಳೆ, ಬೈದರೆ ಎಷ್ಟೋ ವಾಸಿ ಎಂದುಕೊಂಡೆ. ಅವಳು ಮುಂದೆ ಬಂದು, ಸೆರಗಿನ ತುದಿಯಿಂದ ಆ ಮಣ್ಣನ್ನು ಒರೆಸಿದಳು.

“ಅವ್ನ ಜೋಡಿ ಎಂಗವ್ನೆ?” ಎಂದು ಕೇಳಿದಳು.

“ನಮ್ಮವ್ನಷ್ಟೇ ಎತ್ರ,” ಎಂದ ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಅವರು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.